ಗುಜರಿ ಮೋಟಾರಿನ ಜಾತಕ

ಗುಜರಿ ಅಂಗಡಿಯ ತಕ್ಕಡಿಗೆ ಮೋಟಾರೂ ಒಂದೇ, ತೂತುಬಿದ್ದ ಕೊಡಪಾನವೂ ಒಂದೇ. ಇಷ್ಟು ಕಿಲೋ ಕಬ್ಬಿಣ, ಒಳಗೆ ಇಷ್ಟು ತಾಮ್ರ ಇದ್ದೀತು ಎಂಬ ಅಂದಾಜು, ಅಲ್ಲಿಗೆ ವ್ಯಾಪಾರ ಮುಗಿಯಿತು. ಬೆಂಗಳೂರಿನ ಜಾಲಿ ಮೊಹಲ್ಲಾದಲ್ಲಿ ಒಮ್ಮೆ ಒಬ್ಬ ಹುಡುಗ ವಾಷಿಂಗ್ ಮೆಷೀನಿನ ಮೋಟಾರೊಂದನ್ನು ಸುತ್ತಿಗೆಯಿಂದ ಒಡೆದು ತಾಮ್ರ ಬಿಡಿಸುತ್ತ ಕೂತಿದ್ದ. ಪಕ್ಕದಲ್ಲೇ ಅದರ ಅಣ್ಣತಮ್ಮನಂತಿದ್ದ ಇನ್ನೊಂದು ತನ್ನ ಸರದಿಗೆ ಕಾಯುತ್ತಿತ್ತು. ಎತ್ತಿಕೊಂಡು ಶಾಫ್ಟನ್ನು ಬೆರಳಲ್ಲಿ ತಿರುವಿದೆ. ಕರಕರ ಇಲ್ಲ, ಅಲುಗಾಟ ಇಲ್ಲ, ಬೆಣ್ಣೆಯ ಹಾಗೆ ಸುತ್ತಿತು. ‘ಇದು ಓಡುತ್ತೇನಪ್ಪಾ?’ ಎಂದೆ. ‘ಓಡೋದು ಗೊತ್ತಿಲ್ಲ ಸಾರ್, ತೂಕಕ್ಕೆ ಬೇಕಾದ್ರೆ ತಗೊಳ್ಳಿ’ ಎಂದ. ತೂಕಕ್ಕೇ ತಗೊಂಡೆ. ನಮ್ಮ ಹಿತ್ತಲ ಶೆಡ್ಡಿನಲ್ಲಿ ಅದು ಇವತ್ತಿಗೂ ಉಪ್ಪುಕಾಗದ ಅಂಟಿಸಿದ ತಟ್ಟೆಯೊಂದನ್ನು ತಿರುಗಿಸುತ್ತಿದೆ. ಮರದ ತುಂಡಿನ ಅಂಚು ನುಣುಪು ಮಾಡಲು ಅದಕ್ಕಿಂತ ಒಳ್ಳೆಯ ಸಾಧನ ನನ್ನಲ್ಲಿಲ್ಲ.

ಯಂತ್ರ ಸಾಯುವುದಕ್ಕೂ ಅದರೊಳಗಿನ ಮೋಟಾರು ಸಾಯುವುದಕ್ಕೂ ಸಂಬಂಧ ಕಡಿಮೆ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷೀನನ್ನು ಜನ ಹೊರಗೆ ಹಾಕುವುದು ಟಬ್ಬು ಸೀಳಿದಾಗ, ಟೈಮರ್ ಕೈಕೊಟ್ಟಾಗ, ಗೇರ್‌ಬಾಕ್ಸಿಗೆ ನೀರಿಳಿದಾಗ. ಮಿಕ್ಸಿ ಮೂಲೆಗೆ ಬೀಳುವುದು ಕಪ್ಲರ್ ಹರಿದು, ಸ್ವಿಚ್ಚು ಸುಟ್ಟು, ಇಲ್ಲವೆ ಕಾರ್ಬನ್ ಬ್ರಷ್ ಸವೆದು. ಹಳೆಯ ವೆಟ್ ಗ್ರೈಂಡರಿಗಂತೂ ಏನೂ ಆಗಿರುವುದೇ ಇಲ್ಲ. ಕಲ್ಲು ಎತ್ತಿ ತೊಳೆಯುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿದಿಲ್ಲ, ಅಷ್ಟೇ. ‘ಮೋಟಾರೇ ಸುಟ್ಟಿದೆ’ ಎಂದು ಕೊಟ್ಟುಬಿಟ್ಟ ಎಷ್ಟೋ ಮೋಟಾರುಗಳಲ್ಲಿ ಸತ್ತಿರುವುದು ಬರೀ ಕಂಡೆನ್ಸರು. ಸೀಲಿಂಗ್ ಫ್ಯಾನು ಗುಂಯ್ ಎನ್ನುತ್ತ ನಿಂತಲ್ಲೇ ನಿಂತು, ಕೋಲಿನಿಂದ ತಳ್ಳಿದರೆ ಮಾತ್ರ ತಿರುಗಲು ಶುರುಮಾಡುವುದನ್ನು ನೀವೂ ಕಂಡಿರುತ್ತೀರಿ. ಅದಕ್ಕೆ ಬೇಕಾದದ್ದು 2.5 ಮೈಕ್ರೋಫ್ಯಾರಡ್‌ನ ಬೆರಳುದ್ದದ ಡಬ್ಬಿ.

ಹಾಗೆಂದು ಸಿಕ್ಕ ಮೋಟಾರಿಗೆ ಸಿಕ್ಕ ಕೆಲಸ ಕಟ್ಟುವ ಹಾಗಿಲ್ಲ. ಈ ಹವ್ಯಾಸಕ್ಕೆ ಬೀಳುವವರೆಲ್ಲ ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ನಾನೂ ಹಾಗೇ ಕೇಳುತ್ತಿದ್ದೆ. ಕೇಳಬೇಕಾದದ್ದು ಬೇರೆ: ಹೊರೆ ಇಲ್ಲದಾಗ ಇದು ಏನು ಮಾಡುತ್ತದೆ, ಹೊರೆ ಹೆಚ್ಚಾಗಿ ಸಿಕ್ಕಿಕೊಂಡಾಗ ಏನು ಮಾಡುತ್ತದೆ? ಮನೆಯಲ್ಲಿ ಸಿಗುವ ಮೋಟಾರುಗಳಲ್ಲಿ ಬಹುಪಾಲನ್ನು ಈ ಎರಡು ಪ್ರಶ್ನೆಗಳೇ ಎರಡು ಕುಲಗಳಾಗಿ ಬೇರ್ಪಡಿಸುತ್ತವೆ.

ಮೊದಲನೆಯದು ಗಾಣದೆತ್ತಿನ ಕುಲ. ಗ್ರೈಂಡರು, ನೀರಿನ ಪಂಪು, ಫ್ಯಾನು, ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷೀನು, ಇವುಗಳಲ್ಲಿ ಇರುವ ಇಂಡಕ್ಷನ್ ಮೋಟಾರು. ಹೊರೆ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ ನಡೆ. ಇದರ ವೇಗವನ್ನು ತೀರ್ಮಾನಿಸುವುದು ಮೋಟಾರಲ್ಲ, ನಮ್ಮ ಮನೆಗೆ ಬರುವ ಕರೆಂಟು. ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿದು ಸುತ್ತು ಮುಗಿಸುವ ಆ ಕರೆಂಟು ಕಾಯಿಲುಗಳೊಳಗೆ ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಎರಡು ಧ್ರುವದ ಮೋಟಾರಿನಲ್ಲಿ ಆ ಕ್ಷೇತ್ರ ನಿಮಿಷಕ್ಕೆ 3,000 ಸುತ್ತು ಹಾಕಿದರೆ ನಾಲ್ಕು ಧ್ರುವದ್ದರಲ್ಲಿ 1,500. ನಡುವಿನ ರೋಟರಿಗೆ ಯಾವ ವೈರಿನ ಸಂಪರ್ಕವೂ ಇಲ್ಲ. ಕ್ಷೇತ್ರ ತನ್ನನ್ನು ದಾಟಿ ಮುಂದೆ ಹೋಗುತ್ತಿದ್ದರೆ ಮಾತ್ರ ಅದರೊಳಗೆ ಕರೆಂಟು ಹುಟ್ಟುತ್ತದೆ, ಬಲ ಬರುತ್ತದೆ. ಪೂರ್ತಿ ಸರಿಗಟ್ಟಿಬಿಟ್ಟರೆ ಎಳೆತವೇ ನಿಂತುಹೋಗುತ್ತದೆ. ಆದ್ದರಿಂದ ರೋಟರು ಯಾವಾಗಲೂ ಒಂದಿಷ್ಟು ಹಿಂದೆ ಉಳಿಯಲೇಬೇಕು. ನೇಮ್ ಪ್ಲೇಟಿನ ಮೇಲೆ 3,000, 1,500 ಎಂಬ ದುಂಡು ಸಂಖ್ಯೆ ಬಿಟ್ಟು 2,880, 1,440 ಎಂದು ಬರೆದಿರುವುದು ಅದಕ್ಕೇ. ನಿಕೊಲಾ ಟೆಸ್ಲಾ ಈ ಬಗೆಯ ಮೋಟಾರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಸೂತ್ರ ಇವತ್ತಿಗೂ ಅದೇ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂತರ್ಜಾಲದಲ್ಲಿ ಅಮೆರಿಕದವರು ಮಾಡಿ ತೋರಿಸುವ ಯೋಜನೆಗಳಲ್ಲಿ ಮೋಟಾರಿನ ವೇಗ 1,725 ಎಂದೋ 3,450 ಎಂದೋ ಇರುತ್ತದೆ. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಸಲದ್ದು. ಅವರ ಪುಲ್ಲಿಯ ಅಳತೆಯನ್ನು ಹಾಗೇ ನಕಲು ಮಾಡಿದರೆ ನಿಮ್ಮ ಯಂತ್ರ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ.

ಎರಡನೆಯದು ಹೋರಿಯ ಕುಲ. ಹಾವೇರಿ ಕಡೆ ದೀಪಾವಳಿಯಲ್ಲಿ ಬೆದರಿಸಿ ಬಿಡುತ್ತಾರಲ್ಲ, ಅಂಥದ್ದು. ಮಿಕ್ಸಿ, ಡ್ರಿಲ್ಲಿಂಗ್ ಮೆಷೀನು, ಹೊಲಿಗೆ ಯಂತ್ರದ ಮೋಟಾರು, ವ್ಯಾಕ್ಯೂಮ್ ಕ್ಲೀನರ್, ಹಳೆಯ ಫ್ರಂಟ್ ಲೋಡ್ ವಾಷಿಂಗ್ ಮೆಷೀನು ಎಲ್ಲ ಇದೇ ಬಳಗ. ಎ.ಸಿ.ಯಲ್ಲೂ ಓಡುತ್ತದೆ, ಡಿ.ಸಿ.ಯಲ್ಲೂ ಓಡುತ್ತದೆ, ಹಾಗಾಗಿ ಯೂನಿವರ್ಸಲ್ ಎಂಬ ಹೆಸರು. ಹೊರಗಿನ ಕಾಯಿಲ್, ಒಳಗೆ ತಿರುಗುವ ಆರ್ಮೇಚರ್, ಎರಡರ ಮೂಲಕವೂ ಒಂದೇ ಕರೆಂಟು ಒಂದರ ಹಿಂದೊಂದು ಹರಿಯುತ್ತದೆ. ನಡುವೆ ಕಾರ್ಬನ್ ಬ್ರಷ್. ಹೊರೆ ಬಿದ್ದು ವೇಗ ತಗ್ಗಿದಷ್ಟೂ ಹೆಚ್ಚು ಕರೆಂಟು ಎಳೆದುಕೊಂಡು ಬಲ ಹಾಕುತ್ತದೆ. ಹೊರೆ ಕಳಚಿತೋ, ಕಾಂತಬಲ ಕುಗ್ಗಿ ವೇಗ ಏರುತ್ತಲೇ ಹೋಗುತ್ತದೆ. ತನ್ನ ಫ್ಯಾನಿನ ಗಾಳಿ ಮತ್ತು ಬೇರಿಂಗಿನ ತಿಕ್ಕಾಟ ಎಲ್ಲಿ ತಡೆಯುತ್ತವೋ ಅಲ್ಲಿಯವರೆಗೆ. ಮಿಕ್ಸಿಯ ಮೋಟಾರು ಜಾರ್ ಇಲ್ಲದೆ 18,000 ಸುತ್ತಿನ ಆಸುಪಾಸಿಗೆ ಹೋಗುವುದು ಸಾಮಾನ್ಯ.

ಮಿಕ್ಸಿಯ ಬಗ್ಗೆ ನನಗೆ ಅಭಿಮಾನವೇ ಇದೆ. ಮುಂಬೈನ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರು, ಮನೆಯಲ್ಲಿದ್ದ ವಿದೇಶಿ ಮಿಕ್ಸರ್ ನಮ್ಮ ಅಡುಗೆಗೆ ತಾಳದೆ ಕೆಟ್ಟಿತೆಂದು ತಾವೇ ಗಟ್ಟಿ ಮೋಟಾರಿನ ಯಂತ್ರ ರೂಪಿಸಿದ್ದರಿಂದ ‘ಸುಮೀತ್’ ಹುಟ್ಟಿತು. ಒಣಕೊಬ್ಬರಿ, ಅರಿಶಿನದ ಕೊಂಬು, ನೆನೆದ ಉದ್ದಿನ ಬೇಳೆ, ಎಲ್ಲದಕ್ಕೂ ಜಗ್ಗದ ಮೋಟಾರು ಬೇಕಿತ್ತು. ಅಂಗೈಯಷ್ಟು ಜಾಗದಲ್ಲಿ 500, 750 ವ್ಯಾಟ್ ತುಂಬಿಟ್ಟಿರುವುದು ಸಣ್ಣ ಸಾಧನೆಯಲ್ಲ. ಆದರೆ ಅದು ಐದು ನಿಮಿಷ ಓಡಿ, ಒಂದೆರಡು ನಿಮಿಷ ಸುಧಾರಿಸಿಕೊಳ್ಳುವ ಲೆಕ್ಕದಲ್ಲಿ ಹುಟ್ಟಿದ ಜೀವ. ದಿನವಿಡೀ ಗಾಣ ಎಳೆಯಲು ಹೇಳಿದರೆ ಹೊಗೆ ಬರುತ್ತದೆ.

ನಾನು ಮಿಕ್ಸಿಯ ಮೋಟಾರಿಗೆ ಸಾಣೆಕಲ್ಲು ಕಟ್ಟಲು ಹೊರಟವನು. ಶಾಫ್ಟಿಗೆ ಆರಿಂಚಿನ ಕಲ್ಲು ಕೂರುವಂತೆ ಒಂದು ತುಂಡು ಮಾಡಿಸಿಕೊಡಿ ಎಂದು ನಮ್ಮೂರಿನ ವೈಂಡಿಂಗ್ ಅಂಗಡಿಗೆ ಹೋದೆ. ಯಜಮಾನರು ಮೋಟಾರನ್ನೂ ಕಲ್ಲನ್ನೂ ಒಂದೊಂದು ಸಲ ನೋಡಿ ನನ್ನನ್ನು ನೋಡಿದರು. ‘ಸ್ವಾಮಿ, ಈ ಕಲ್ಲು ಒಡೆದ ಮೇಲೆ ಚೂರು ಎಲ್ಲಿ ಹೋಯ್ತು ಅಂತ ಹುಡುಕೋ ಕಷ್ಟ ನಿಮಗಿಲ್ಲ. ಆಸ್ಪತ್ರೆಯವರೇ ತೆಗೆದು ಕೊಡ್ತಾರೆ’ ಎಂದರು. ಅವಮಾನವಾಯಿತು. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಬೆವರಿದೆ.

ಆರಿಂಚಿನ, ಅಂದರೆ 150 ಮಿಲಿಮೀಟರಿನ ಕಲ್ಲಿನ ಸುತ್ತಳತೆ 47 ಸೆಂಟಿಮೀಟರು. 2,880 ವೇಗದ ಮೋಟಾರು ಅದನ್ನು ಸೆಕೆಂಡಿಗೆ 48 ಸಲ ತಿರುಗಿಸುತ್ತದೆ; ಕಲ್ಲಿನ ಅಂಚು ಸೆಕೆಂಡಿಗೆ 22.6 ಮೀಟರ್ ಓಡುತ್ತದೆ. ಇಂಥ ಮಾಮೂಲಿ ಸಾಣೆಕಲ್ಲಿನ ಮಿತಿ ಸೆಕೆಂಡಿಗೆ 35 ಮೀಟರಿನ ಸುತ್ತಮುತ್ತ. ನಡುವಿನ ಕಾಗದದ ಬಿಲ್ಲೆಯ ಮೇಲೆ ಅದನ್ನು ಅಚ್ಚುಹಾಕಿಯೇ ಇರುತ್ತಾರೆ, ನಾವು ಓದುವುದಿಲ್ಲ. ಅದೇ ಕಲ್ಲನ್ನು 18,000ದಲ್ಲಿ ತಿರುಗಿಸಿದರೆ ಅಂಚಿನ ವೇಗ ಸೆಕೆಂಡಿಗೆ 141 ಮೀಟರ್, ಗಂಟೆಗೆ 500 ಕಿಲೋಮೀಟರಿಗೂ ಮೇಲೆ. ವೇಗ ಆರೂಕಾಲು ಪಟ್ಟು ಹೆಚ್ಚಾದರೆ ಕಲ್ಲನ್ನು ಸಿಡಿಸುವ ಬಲ ಅದರ ವರ್ಗದಷ್ಟು, 39 ಪಟ್ಟು ಹೆಚ್ಚುತ್ತದೆ. ಅಂಟಿಸಿದ ಮರಳಿನಂಥ ಆ ಕಲ್ಲು ತಡೆಯುವುದುಂಟೆ?

ಕಲ್ಲಿನ ಮಾತು ಬಂತೆಂದು ಇನ್ನೊಂದು. ಯಾವ ಮೋಟಾರಿಗೇ ಕಟ್ಟಿದರೂ ಮುಂಚೆ ಕಲ್ಲನ್ನು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕೇಳಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ತಟ್ಟಿ ನೋಡುತ್ತಿದ್ದರಲ್ಲ, ಅದೇ ವಿದ್ಯೆ. ಣಣ್ ಎಂದರೆ ಸರಿ. ದಬ್ ಎಂದರೆ ಒಳಗೆ ಬಿರುಕಿದೆ, ಎಸೆಯಿರಿ.

ಕೊನೆಗೆ ನಾನು ಸಾಣೆಕಲ್ಲು ಕಟ್ಟಿದ್ದು ನಮ್ಮಮ್ಮನ ಹಳೆಯ ಗ್ರೈಂಡರಿನ ಮೋಟಾರಿಗೆ. ಅರ್ಧ ಎಚ್‌ಪಿ, 1,440 ವೇಗ, ಎರಡೂ ಕಡೆ ಬಾಲ್ ಬೇರಿಂಗು, ಪ್ಲೇಟಿನ ಮೇಲೆ ‘ಎಸ್1’ ಎಂಬ ಗುರುತು, ಅಂದರೆ ಬಿಡುವಿಲ್ಲದೆ ಓಡಬಲ್ಲದು. (‘ಎಸ್2’ ಎಂದಿದ್ದರೆ ಅಲ್ಪಾವಧಿಯ ಕೆಲಸಕ್ಕೆ ಮಾತ್ರ.) ಕತ್ತಿ, ಕುಡುಗೋಲು, ಬಡಗಿಯ ಉಳಿಗಳಿಗೆ ಅವಸರದ ಕಲ್ಲು ಬೇಡ. ಒಣಕಲ್ಲಿನ ಮೇಲೆ ಬಿಸಿಯಾಗಿ ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆದ್ದರಿಂದ ಎರಡು ಹಂತದ ಬೆಲ್ಟು ಕೊಟ್ಟೆ. ಮೋಟಾರಿಗೆ ಎರಡಿಂಚಿನ ಪುಲ್ಲಿ, ಮುಂದೆ ಆರಿಂಚಿನದು. 1,440 ಇದ್ದದ್ದು 480 ಆಯಿತು. ಅದೇ ಶಾಫ್ಟಿನ ಮೇಲೆ ಮತ್ತೊಂದು ಎರಡಿಂಚು, ಅದರ ಮುಂದೆ ಎಂಟಿಂಚು, 120ಕ್ಕೆ ಇಳಿಯಿತು. ಕೆಳಗೆ ನೀರಿನ ತಟ್ಟೆ. ಕಲ್ಲು ಅರೆಮುಳುಗಿ ಮೆಲ್ಲಗೆ ಸುತ್ತುತ್ತದೆ, ಬೆರಳಿಟ್ಟರೂ ಅಲಗು ತಣ್ಣಗೆ. ವೇಗ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿದಾಗ ತಿರುಚುವ ಬಲ ಸುಮಾರಾಗಿ ಹನ್ನೆರಡು ಪಟ್ಟು ಏರಿರುತ್ತದೆ. ಅದೂ ನೆನಪಿರಲಿ. ಪಂಚೆಯ ತುದಿ, ಹೆಂಗಸರ ಸೆರಗು, ಸಡಿಲ ತೋಳು, ಯಾವುದನ್ನೂ ಇದು ಬಿಡುವುದಿಲ್ಲ. ಬೆಲ್ಟಿಗೆ ತಗಡಿನ ಮುಚ್ಚಿಗೆ ಹಾಕದೆ ನಾನು ಇದನ್ನು ಓಡಿಸಿದ್ದು ಒಂದೇ ದಿನ. ಅವತ್ತು ನನ್ನಾಕೆ ಶೆಡ್ಡಿನ ಫ್ಯೂಸು ಕಿತ್ತು ತನ್ನ ಬಳಿ ಇಟ್ಟುಕೊಂಡಳು.

ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ನೋಡಿದವರಿಗೆ ಈ ವೇಗ-ಬಲದ ಲೆಕ್ಕ ಪುಸ್ತಕವಿಲ್ಲದೆ ಅರ್ಥವಾಗುತ್ತದೆ. ಆಲೆಮರದ ತುಂಡನ್ನು ಮೋಟಾರಿನ ಲೇತಿಗೆ ಕಚ್ಚಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ವೇಗ ಸಾಲದಿದ್ದರೆ ಅರಗು ಕರಗದು, ಹೊರೆಗೆ ವೇಗ ಕುಸಿದರೆ ಬಣ್ಣ ಸಮನಾಗಿ ಹರಡದು. ಅಂಥ ಕೆಲಸಕ್ಕೆ ಗಾಣದೆತ್ತೇ ಸರಿ. ಅರ್ಧ ಎಚ್‌ಪಿಯ ಗ್ರೈಂಡರ್ ಮೋಟಾರಿನಿಂದ ಮನೆಯಲ್ಲೇ ಒಂದು ಸಣ್ಣ ಮರದ ಲೇತು ಮಾಡಿಕೊಳ್ಳುವುದು ಈ ಹವ್ಯಾಸದ ಅತ್ಯುತ್ತಮ ಫಲ ಎಂಬುದು ನನ್ನ ಅಭಿಪ್ರಾಯ.

ಇನ್ನು ವೈರುಗಳ ವಿಚಾರ. ಜನ ಸೋಲುವುದು ಇಲ್ಲೇ. ಸೆಮಿ ಆಟೋಮ್ಯಾಟಿಕ್ ಮೆಷೀನಿನ ಒಗೆಯುವ ಮೋಟಾರಿನಿಂದ ಮೂರು ವೈರು ಹೊರಬಂದಿರುತ್ತವೆ, ಯಾವುದು ಏನೆಂದು ಬರೆದಿರುವುದಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡಾಗಿ ಮೂರು ಜೋಡಿ ಅಳೆಯಿರಿ. ಒಂದು ಜೋಡಿಯಲ್ಲಿ 30 ಓಮ್ ಬಂತು, ಇನ್ನೊಂದರಲ್ಲೂ 30, ಮೂರನೆಯದರಲ್ಲಿ 60 ಎಂದಿಟ್ಟುಕೊಳ್ಳಿ. 60 ತೋರಿಸಿದ ಜೋಡಿಯಲ್ಲಿ ಇಲ್ಲದ ವೈರು ಯಾವುದೋ ಅದೇ ಕಾಮನ್, ಅದು ನ್ಯೂಟ್ರಲ್‌ಗೆ. ಉಳಿದೆರಡರ ನಡುವೆ ಕಂಡೆನ್ಸರ್. ಫೇಸನ್ನು ಆ ಎರಡರಲ್ಲಿ ಒಂದಕ್ಕೆ ಕೊಟ್ಟರೆ ಬಲಕ್ಕೆ ತಿರುಗುತ್ತದೆ, ಇನ್ನೊಂದಕ್ಕೆ ಕೊಟ್ಟರೆ ಎಡಕ್ಕೆ. ಬಟ್ಟೆಯನ್ನು ಆ ಕಡೆ ಈ ಕಡೆ ಹೊರಳಿಸಬೇಕಲ್ಲ, ಅದಕ್ಕೇ ಎರಡೂ ಕಾಯಿಲುಗಳನ್ನು ಸಮಸಮ ಸುತ್ತಿರುತ್ತಾರೆ. ಎರಡು ದಿಕ್ಕಿನ ಒಂದು ಸ್ವಿಚ್ಚು ಹಾಕಿಕೊಂಡರೆ ನಿಮಗೂ ಆ ಅನುಕೂಲ. ಆದರೆ ಮೋಟಾರು ಪೂರ್ತಿ ನಿಂತ ಮೇಲೆಯೇ ದಿಕ್ಕು ಬದಲಿಸಬೇಕು.

ಫ್ಯಾನು, ಪಂಪು, ಗ್ರೈಂಡರುಗಳಲ್ಲಿ ಎರಡು ಕಾಯಿಲುಗಳು ಸಮ ಇರುವುದಿಲ್ಲ. ಕಾಮನ್ ಹುಡುಕುವ ಉಪಾಯ ಅದೇ. ಅಲ್ಲಿಂದ ಕಡಿಮೆ ಓಮ್ ಇರುವುದು ಸಾಮಾನ್ಯವಾಗಿ ರನ್ನಿಂಗ್ ಕಾಯಿಲ್, ಹೆಚ್ಚಿರುವುದು ಸ್ಟಾರ್ಟಿಂಗ್. ಫೇಸು ರನ್ನಿಂಗಿಗೆ ನೇರವಾಗಿ, ಸ್ಟಾರ್ಟಿಂಗಿಗೆ ಕಂಡೆನ್ಸರಿನ ಮೂಲಕ. ಕೆಲವು ಮೋಟಾರುಗಳು ಆರಿಸಿದಾಗ ನಿಲ್ಲುವ ಮುಂಚೆ ‘ಟಕ್’ ಎನ್ನುತ್ತವೆ, ಕೇಳಿದ್ದೀರಾ? ಅದು ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚು. ವೇಗ ಬಂದಾಗ ಸ್ಟಾರ್ಟಿಂಗ್ ಕಾಯಿಲನ್ನು ಕಳಚಿ, ನಿಧಾನವಾದಾಗ ಮತ್ತೆ ಸೇರಿಸುತ್ತದೆ. ಆ ಕಾಯಿಲ್ ಇರುವುದು ಕ್ಷಣಕಾಲದ ಸೇವೆಗೆ. ಇಂಥ ಮೋಟಾರಿಗೆ ಫ್ಯಾನಿನ ರೆಗ್ಯುಲೇಟರ್ ಕಟ್ಟಿ ವೇಗ ತಗ್ಗಿಸುತ್ತೇನೆಂದು ಹೊರಟರೆ ಸ್ವಿಚ್ಚು ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ಕಾಯಿಲ್ ಸುಟ್ಟುಹೋಗುತ್ತದೆ. ಗಾಣದೆತ್ತಿನ ಕುಲಕ್ಕೆ ವೇಗ ಇಳಿಸುವ ದಾರಿ ಪುಲ್ಲಿಯೊಂದೇ ಎಂದು ತಿಳಿದುಕೊಂಡರೆ ಅರ್ಧ ಮೋಟಾರುಗಳು ಬದುಕುತ್ತವೆ. ಪೀಣ್ಯದ ಕಡೆ ಮುಚ್ಚಿದ ಘಟಕಗಳಿಂದ ಬರುವ ತ್ರೀ ಫೇಸ್ ಮೋಟಾರು ಸಿಕ್ಕರೆ ಮಾತು ಬೇರೆ. ಅದಕ್ಕೆ ಡ್ರೈವ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿ ಮನೆಯ ಸಿಂಗಲ್ ಫೇಸಿನಲ್ಲೇ ಬೇಕಾದ ವೇಗಕ್ಕೆ ಓಡಿಸಬಹುದು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅದರ ಹೆಸರು ಹೊತ್ತ ಎರಕದ ಮೈಯ ಮೋಟಾರುಗಳನ್ನು ಈಗಲೂ ಹುಡುಕಿಕೊಂಡು ಹೋಗುವವರಿದ್ದಾರೆ. ಅವರಲ್ಲಿ ನಾನೊಬ್ಬ.

ನನ್ನ ಮೊದಲ ಮೋಟಾರನ್ನು ನಾನೇ ಕೊಂದೆ. ಕಂಡೆನ್ಸರ್ ಇರಬೇಕೆಂಬುದು ಗೊತ್ತಿರಲಿಲ್ಲ. ಎರಡು ವೈರನ್ನು ಪ್ಲಗ್ಗಿಗೆ ಕೊಟ್ಟೆ, ಗುಂಯ್ ಎಂದಿತು, ತಿರುಗಲಿಲ್ಲ. ಒಂದಿಷ್ಟು ಬಿಸಿಯಾದರೆ ಬಿಡಿಸಿಕೊಳ್ಳುತ್ತದೆ ಎಂಬ ಅದ್ಭುತ ತರ್ಕದಲ್ಲಿ ಹಾಗೇ ಬಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ವಾಸನೆ ಅಡುಗೆಮನೆಯವರೆಗೂ ಬಂತು. ನಿಂತಿರುವ ಇಂಡಕ್ಷನ್ ಮೋಟಾರು ಓಡುವಾಗಿನದ್ದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಗಾಳಿಯಾಡಿಸುವ ಫ್ಯಾನೂ ನಿಂತಿರುತ್ತದೆ. ವೈಂಡಿಂಗಿನ ವರ್ನಿಶ್ ಸುಟ್ಟ ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಈಗ ಗುಜರಿಯಲ್ಲಿ ಮೋಟಾರು ಕೊಳ್ಳುವಾಗ ನಾನು ಮೊದಲು ಮಾಡುವ ಕೆಲಸ ಅದನ್ನು ಮೂಸುವುದು. ಅಂಗಡಿಯವರು ನಗುತ್ತಾರೆ.

ಮೂಸಿದ ಮೇಲೆ ಸೀರೀಸ್ ಬಲ್ಬು. 100 ವ್ಯಾಟಿನ ಹಳೇಕಾಲದ ತಂತಿಬಲ್ಬನ್ನು ಫೇಸಿನ ದಾರಿಯಲ್ಲಿ ಕೂರಿಸಿ ಅದರ ಮೂಲಕವೇ ಹೊಸ ಮೋಟಾರಿಗೆ ಮೊದಲ ಕರೆಂಟು ಕೊಡುವುದು ಎಲ್ಲ ವೈಂಡಿಂಗ್ ಅಂಗಡಿಗಳ ಪದ್ಧತಿ. ಎಲ್.ಇ.ಡಿ. ಬಲ್ಬು ಇದಕ್ಕೆ ಬಾರದು. ಒಳಗೆ ಎಷ್ಟೇ ಶಾರ್ಟ್ ಇರಲಿ, ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯಲು ಬಲ್ಬು ಬಿಡುವುದಿಲ್ಲ. ಫ್ಯೂಸೂ ಹಾರದು, ಮೋಟಾರೂ ಸುಡದು. ಬಲ್ಬು ಉರಿಯಲೇ ಇಲ್ಲವೆಂದರೆ ಕಾಯಿಲ್ ತುಂಡಾಗಿದೆ. ಒಂದು ತುದಿ ಕಾಯಿಲಿಗೆ, ಇನ್ನೊಂದು ಮೋಟಾರಿನ ಮೈಗೆ ಮುಟ್ಟಿಸಿದಾಗ ಮಿಣುಕಿದರೂ ಸಾಕು, ಆ ಮೋಟಾರನ್ನು ತೂಕಕ್ಕೇ ವಾಪಸು ಕೊಡಿ. ಬಲ್ಬು ಮಿಣುಕಲಿಲ್ಲ ಎಂದು ಖುಷಿಪಡುವ ಹಾಗೂ ಇಲ್ಲ. 30, 40 ಮಿಲಿಆಂಪಿಯರ್ ಸೋರಿಕೆಗೆ ಆ ಬಲ್ಬು ಕಣ್ಣಿಗೆ ಕಾಣುವಷ್ಟು ಉರಿಯುವುದಿಲ್ಲ, ಮನುಷ್ಯನನ್ನು ಕೊಲ್ಲಲು ಅಷ್ಟು ಸಾಕು. ವೈಂಡಿಂಗ್ ಅಂಗಡಿಯಲ್ಲಿ ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಇರುತ್ತದೆ, 500 ವೋಲ್ಟಿನಲ್ಲಿ ತೋರಿಸಿಕೊಳ್ಳಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದದ್ದನ್ನು ನಾನು ಮನೆಗೆ ತರುವುದಿಲ್ಲ. ಮೈಗೆ ಅರ್ಥ್, ಶೆಡ್ಡಿನ ಲೈನಿಗೆ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವೆರಡೂ ಇಲ್ಲದೆ ಗುಜರಿ ಮೋಟಾರನ್ನು ಮುಟ್ಟಲೇಬೇಡಿ.

ಹಳೆಯ ಫ್ರಂಟ್ ಲೋಡ್ ಮೆಷೀನಿನ ಮೋಟಾರು ಬಹಳ ಆಸೆ ಹುಟ್ಟಿಸುತ್ತದೆ. ಬೇರಿಂಗು ಚೆನ್ನ, ಬಲ ಚೆನ್ನ. ಆದರೆ ಅದು ಹೋರಿ. ಆರೇಳು ಪಿನ್ನುಗಳ ಕನೆಕ್ಟರಿನಲ್ಲಿ ಎರಡು ಬ್ರಷ್‌ನವು, ಎರಡು ಫೀಲ್ಡ್ ಕಾಯಿಲಿನವು, ಎರಡು ವೇಗ ಅಳೆಯುವ ಟ್ಯಾಕೋಗೆ. ಶಾಫ್ಟ್ ತಿರುವಿದಂತೆ ಓಮ್ ಕುಣಿದಾಡುವ ಜೋಡಿ ಬ್ರಷ್‌ನದು. ಫೀಲ್ಡಿನ ಒಂದು ತುದಿಯನ್ನು ಒಂದು ಬ್ರಷ್‌ಗೆ ಸೇರಿಸಿ ಉಳಿದೆರಡಕ್ಕೆ ಕರೆಂಟು ಕೊಟ್ಟರೆ ಓಡುತ್ತದೆ. ಓಡುತ್ತದೆ ಎಂದರೆ, ಬಿಗಿಯಾಗಿ ಕಟ್ಟಿರದಿದ್ದರೆ ಮೇಜಿನಿಂದ ಹಾರಿ ಹೋಗುತ್ತದೆ. ಮೊದಲ ಸಲ ಸೀರೀಸ್ ಬಲ್ಬಿನಲ್ಲೇ ನೋಡಿ. ಡಿಮ್ಮರಿನಿಂದ ವೇಗ ಇಳಿಸಬಹುದು, ಆದರೆ ಹೊರೆ ಬಿದ್ದೊಡನೆ ಕುಸಿಯುತ್ತದೆ, ಹೊರೆ ಎತ್ತಿದೊಡನೆ ನುಗ್ಗುತ್ತದೆ. ಟ್ಯಾಕೋದ ಮಾತು ಕೇಳಿ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಟಿಡಿಎ 1085 ಚಿಪ್ಪಿನ ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆ. ಅದನ್ನು ಹಾಕುವ ಮನಸ್ಸಿಲ್ಲದಿದ್ದರೆ ಈ ಮೋಟಾರು ತರಬೇಡಿ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಕಾರಿನ ವೈಪರ್ ಮೋಟಾರು 12 ವೋಲ್ಟಿನದು, ಒಳಗೇ ವರ್ಮ್ ಗೇರ್ ಇರುವುದರಿಂದ ಮೆಲ್ಲಗೆ, ಬಲವಾಗಿ ತಿರುಗುತ್ತದೆ. ಕಾಯಿಲ್ ಸುತ್ತುವ, ನೂಲು ಸುತ್ತುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಪ್ರಿಂಟರಿನ ಸ್ಟೆಪ್ಪರ್ ಮೋಟಾರು ಮಕ್ಕಳ ಪ್ರಯೋಗಕ್ಕೆ ಇರಲಿ. ಟ್ರೆಡ್‌ಮಿಲ್ಲಿನ ಡಿ.ಸಿ. ಮೋಟಾರು ಸಿಕ್ಕರೆ ಬಿಡಬೇಡಿ, ಅದರ ಬೋರ್ಡನ್ನೂ ಬಿಡಬೇಡಿ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರು ನಮ್ಮ ಗುಜರಿಗಳಲ್ಲಿ ರಾಶಿ ಬಿದ್ದಿರುತ್ತದೆ, ಹೊರಗೆ ಅದರಿಂದ ಪ್ರಯೋಜನವಿಲ್ಲ. ನೀರೇ ಅದರ ಬುಷ್‌ಗಳಿಗೆ ಎಣ್ಣೆ, ನೀರೇ ಅದಕ್ಕೆ ತಂಪು. ಬುಷ್ ಎಂದೊಡನೆ ನೆನಪಾಯಿತು, ಟೇಬಲ್ ಫ್ಯಾನು, ಮಿಕ್ಸಿಗಳಲ್ಲಿ ಬೇರಿಂಗಿನ ಬದಲು ಬುಷ್ ಇದ್ದರೆ ಬೆಲ್ಟು ಹಾಕಬೇಡಿ. ಬೆಲ್ಟಿನ ಅಡ್ಡಸೆಳೆತಕ್ಕೆ ಬುಷ್ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಮೈಯೆಲ್ಲ ಕಿಂಡಿಯಿರುವ ಮೋಟಾರನ್ನು ಸಾಣೆಕಲ್ಲಿನ ಪಕ್ಕ ಇಡಬೇಡಿ. ಕಬ್ಬಿಣದ ಪುಡಿ ಒಳಗೆ ಸೇರಿ ವೈಂಡಿಂಗ್ ತಿನ್ನುತ್ತದೆ. ಮೈಕ್ರೋವೇವ್ ಒಲೆಯೊಳಗಿನ ತಟ್ಟೆ ತಿರುಗಿಸುವ ಪುಟ್ಟ ಮೋಟಾರಿಗಾಗಿ ಆ ಪೆಟ್ಟಿಗೆ ಬಿಚ್ಚಲು ಹೋಗಬೇಡಿ. ಅಲ್ಲಿರುವ ಟ್ರಾನ್ಸ್‌ಫಾರ್ಮರು 2,000 ವೋಲ್ಟಿನದು, ಅದರ ಕಂಡೆನ್ಸರು ಪ್ಲಗ್ಗು ಕಿತ್ತ ಮೇಲೂ ಹೊಡೆಯುತ್ತದೆ.

ಸೀಲಿಂಗ್ ಫ್ಯಾನಿನಿಂದ ಮನೆಗೆಲ್ಲ ಪುಕ್ಕಟೆ ಕರೆಂಟು ತೆಗೆಯುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಮಾಮೂಲಿ ಫ್ಯಾನಿನೊಳಗೆ ಆಯಸ್ಕಾಂತವೇ ಇಲ್ಲ. ಕೈಯಿಂದ ತಿರುಗಿಸಿದರೆ ಅದರಿಂದ ಬರುವುದು ತೋಳುನೋವು. ಇನ್ನು ಮೋಟಾರಿನಿಂದ ಜನರೇಟರ್ ತಿರುಗಿಸಿ, ಆ ಜನರೇಟರಿನಿಂದ ಮತ್ತೆ ಅದೇ ಮೋಟಾರನ್ನು ಓಡಿಸಿ, ಮಿಕ್ಕಿದ್ದರಲ್ಲಿ ಬಲ್ಬು ಉರಿಸುವವರು ಮೇಜಿನ ಕೆಳಗೆ ಎಲ್ಲೋ ವೈರು ಅಡಗಿಸಿರುತ್ತಾರೆ. ನಿಜಕ್ಕೂ ಕರೆಂಟು ಹುಟ್ಟಿಸಬಲ್ಲದ್ದು ಆಯಸ್ಕಾಂತವಿರುವ, ಬ್ರಷ್ ಇಲ್ಲದ ಬಿ.ಎಲ್.ಡಿ.ಸಿ. ಮೋಟಾರು. ನ್ಯೂಜಿಲೆಂಡಿನಲ್ಲಿ ಫಿಶರ್ ಅಂಡ್ ಪೇಕಲ್ ಕಂಪನಿಯ ಡೈರೆಕ್ಟ್ ಡ್ರೈವ್ ವಾಷಿಂಗ್ ಮೆಷೀನುಗಳ ಅಗಲ ಮೋಟಾರನ್ನು ತೊರೆಯ ನೀರಿನ ಚಕ್ರಕ್ಕೂ ಗಾಳಿಯಂತ್ರಕ್ಕೂ ಕಟ್ಟಿ ದೀಪ ಹಚ್ಚಿಕೊಂಡವರು ಬಹಳ ಮಂದಿ. ಹಳ್ಳದ ನೀರಿನಿಂದ ಕರೆಂಟು ಮಾಡಿಕೊಳ್ಳುವುದು ನಮ್ಮ ಮಲೆನಾಡಿನ ತೋಟದ ಮನೆಗಳಿಗೂ ಹೊಸದಲ್ಲ. ಇಲ್ಲೂ ಡೈರೆಕ್ಟ್ ಡ್ರೈವ್ ಮೆಷೀನುಗಳು ಗುಜರಿಗೆ ಬರತೊಡಗಿವೆ. ಮಳೆಗಾಲದಲ್ಲಿ ಲೈನು ಕಡಿದು ವಾರಗಟ್ಟಲೆ ಕತ್ತಲಲ್ಲಿರುವವರು ಇತ್ತ ಒಂದು ಕಣ್ಣಿಡಬೇಕು.

ಎಲ್ಲ ಕಟ್ಟಿ ಮುಗಿಸಿದ ಮೇಲೆ ಒಂದು ಖರ್ಚು ಮಾತ್ರ ಹೊಸದಾಗಿ ಮಾಡಿ. ನಮ್ಮಲ್ಲಿ ಕರೆಂಟು ಹೋಗುತ್ತದೆ, ಯಾವಾಗಲೋ ಬರುತ್ತದೆ. ಗರಗಸವನ್ನೋ ಲೇತನ್ನೋ ಮಾಮೂಲಿ ಸ್ವಿಚ್ಚಿನಲ್ಲಿ ಬಿಟ್ಟು, ಕರೆಂಟು ಹೋಯಿತೆಂದು ಎದ್ದು ಬಂದಿರುತ್ತೀರಿ. ಅರ್ಧ ಗಂಟೆ ಬಿಟ್ಟು ಅದು ತಾನಾಗಿ ತಿರುಗುತ್ತದೆ, ಆಗ ಅದರ ಮುಂದೆ ಮಗುವೊಂದು ನಿಂತಿರಬಹುದು. ತೋಟದ ಪಂಪ್‌ಸೆಟ್ಟಿಗೆ ಹಾಕುವ ಹಸಿರು-ಕೆಂಪು ಗುಂಡಿಯ ಡಿ.ಒ.ಎಲ್. ಸ್ಟಾರ್ಟರು ಸಿಂಗಲ್ ಫೇಸಿನದೂ ಸಿಗುತ್ತದೆ. ಕರೆಂಟು ಹೋದೊಡನೆ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಅಲ್ಲಾಡದು. ಓವರ್‌ಲೋಡ್ ಆದರೂ ಬಿಡಿಸುತ್ತದೆ. ಮೋಟಾರಿಗೆ ಕೊಟ್ಟದ್ದಕ್ಕಿಂತ ಸ್ಟಾರ್ಟರಿಗೆ ಕೊಟ್ಟದ್ದು ಹೆಚ್ಚಾಯಿತೆಂದು ನಾನು ಗೊಣಗಿದ್ದೆ, ಈಗ ಗೊಣಗುವುದಿಲ್ಲ.

ಮನೆಯ ಹಳೆಯ ಯಂತ್ರವನ್ನು ಗುಜರಿಗೆ ಹಾಕುವವರಲ್ಲಿ, ನೀವು ಈ ಹವ್ಯಾಸದವರಲ್ಲದಿದ್ದರೂ, ಒಂದು ಕೋರಿಕೆ. ವೈರುಗಳನ್ನು ಬುಡಕ್ಕೇ ಕತ್ತರಿಸಬೇಡಿ. ಕಂಡೆನ್ಸರು, ಪುಲ್ಲಿ, ಬೋರ್ಡು ಜೊತೆಗೇ ಇರಲಿ. ವಾಷಿಂಗ್ ಮೆಷೀನಿನ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ವೈರಿಂಗಿನ ಚಿತ್ರವಿರುವ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಅದನ್ನು ಹರಿಯದೆ ಹಾಗೇ ಬಿಡಿ.